ಪಾಲೊಮಾರ್ ಗಿರಿಯ ಮಹಾದರ್ಪಣ

ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದ ದಕ್ಷಿಣದಲ್ಲಿ ಪಾಲೊಮಾರ್ ಎಂಬ ಗಿರಿಯುಂಟು. ಮರಗಳ ನಡುವೆ ಬಳಸಿ ಬಳಸಿ ಏರುವ ದಾರಿಯಲ್ಲಿ ಸುಮಾರು 5,600 ಅಡಿ ಎತ್ತರವನ್ನು ಮುಟ್ಟಿದವರಿಗೆ ಬಿಳಿಯ ಗುಮ್ಮಟವೊಂದು ಗೋಚರಿಸುವುದು. ಹಗಲು ಬಂದ ಯಾತ್ರಿಕರು ಗಾಜಿನ ಗೋಡೆಯ ಈಚೆ ನಿಂತು ಒಳಗಿರುವ ದೂರದರ್ಶಕ ಯಂತ್ರವನ್ನು ನೋಡಬಹುದು.

ಅದರ ಜೀವಾಳವು 200 ಅಂಗುಲ ಅಗಲದ ದರ್ಪಣ. ಇಷ್ಟು ದೊಡ್ಡ ಮಸೂರವನ್ನು ಮಾಡಿದರೆ ಅದನ್ನು ಅಂಚಿನಲ್ಲಿ ಮಾತ್ರ ಹಿಡಿದು ನಿಲ್ಲಿಸಬೇಕು. ಅದು ತನ್ನ ಭಾರಕ್ಕೆ ತಾನೇ ಬಾಗುವುದು. ದರ್ಪಣಕ್ಕಾದರೋ ಬೆನ್ನಿಗೆಲ್ಲಾ ಆಧಾರ ಕೊಡಬಹುದು.

ಜಾರ್ಜ್ ಎಲರಿ ಹೇಲ್ ಎಂಬ ಜ್ಯೋತಿರ್ವಿಜ್ಞಾನಿಯ ಪ್ರಯತ್ನದಿಂದ 1928ರಲ್ಲಿ ಈ ಕಾರ್ಯಕ್ಕೆ ರಾಕ್‌ಫೆಲರ್ ದಾನನಿಧಿಯ 60 ಲಕ್ಷ ಡಾಲರು ದೊರೆಯಿತು. 1934ರ ಮಾರ್ಚಿ ತಿಂಗಳಲ್ಲಿ ಕಾರ್ನಿಂಗ್ ಪಟ್ಟಣದ ಕಾರ್ಖಾನೆಯಲ್ಲಿ ಮೊದಲ ಎರಕವನ್ನು ಹೊಯ್ಯುತ್ತಿರಲು, ಅಚ್ಚಿನ ಕೆಲವು ತುಂಡುಗಳು ಕಳಚಿ ಕರಗಿದ ಗಾಜಿನ ಮೇಲೆ ತೇಲಿದವು. ಡಿಸೆಂಬರಿನಲ್ಲಿ ಮತ್ತೆ ಹೊಯ್ದರು. ಬಿರುಕು ಬಿಡದಂತೆ ಅದನ್ನು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಆರಿಸಿ, 1936ರಲ್ಲಿ ರೈಲಿನ ಮೇಲೆ ಖಂಡವನ್ನು ದಾಟಿಸಿ ಪ್ಯಾಸಡೀನಾ ನಗರಕ್ಕೆ ತಂದರು. ಅಲ್ಲಿ ಸಾಣೆ ಹಿಡಿಯುವ ಕೆಲಸವು ಯುದ್ಧಕಾಲದಲ್ಲಿ ನಿಂತು, ಬಳಿಕ ಮುಂದುವರಿದು, 1947ರಲ್ಲಿ ಮುಗಿಯಿತು. ಅಷ್ಟರಲ್ಲಿ ನಾಲ್ಕು ಟನ್ನಿಗೂ ಮಿಕ್ಕ ಗಾಜು ಸವೆದು ಹೋಗಿದ್ದಿತು.

ಇಷ್ಟು ಪಾಡುಪಟ್ಟ ಗಾಜು ಬೆಳಕನ್ನು ಹಿಂದಿರುಗಿಸುವುದಿಲ್ಲವೆಂಬುದೇ ಸೋಜಿಗ. ಆ ಕೆಲಸವು ಅದರ ಮೇಲೆ ಲೇಪಿಸಿದ, ಕೂದಲೆಳೆಗಿಂತ ಎಷ್ಟೋ ತೆಳುವಾದ ಅಲ್ಯುಮಿನಿಯಮ್ ಪೊರೆಯದು. ಪೊರೆಯ ಆಕಾರವು ಕೆಡದಂತೆ ಹೊತ್ತಿರುವುದಷ್ಟೇ ಗಾಜಿನ ಧರ್ಮ.

1948ರ ಜೂನ್ 3ರಂದು ಯಂತ್ರಕ್ಕೆ ಹೇಲರ ಹೆಸರನ್ನಿಟ್ಟು ಲೋಕಕ್ಕೆ ಅರ್ಪಿಸಿದರು. ಅವರು 1938ರಲ್ಲಿಯೇ ತೀರಿಹೋಗಿದ್ದರು. ಇದಕ್ಕಿಂತ ದೊಡ್ಡ ದರ್ಪಣಗಳು ಮುಂದೆ ಹುಟ್ಟಿದವು. ಆದರೂ ಅವರು ಕಾಣದೆ ಹೋದ ಆಕಾಶವನ್ನು ಅವರ ಕನ್ನಡಿಯು ಮೋಡವಿಲ್ಲದ ಇರುಳುಗಳಲ್ಲಿ ಇಂದಿಗೂ ಕಾಣುತ್ತಿರುವುದು.