ಎರಡು ಫೈಲುಗಳು

ನಮ್ಮ ಮನೆಯಲ್ಲಿ ಫೈಲು ಹಿಡಿದವನು ನಾನೊಬ್ಬನೇ ಎಂದುಕೊಂಡಿದ್ದೆ. ಬಿ.ಇ. ಮುಗಿಸಿದ ತಮ್ಮ ಇಲ್ಲೇ ಪುಣೆಯ ಕಾರ್ಖಾನೆಯೊಂದಕ್ಕೆ ಅಪ್ರೆಂಟಿಸ್ ಆಗಿ ಸೇರಿದಾಗ ಅವನಿಗೂ ಒಂದು ಫೈಲು ಸಿಕ್ಕಿತು: ಕಬ್ಬಿಣ ಉಜ್ಜುವ ಅರ!

1961ರ ಅಪ್ರೆಂಟಿಸ್ ಕಾಯಿದೆಯಲ್ಲಿ ಎಂಜಿನಿಯರಿಂಗ್ ಪದವೀಧರರಿಗೆ ಸ್ಥಾನ ದೊರೆತದ್ದು 1973ರ ತಿದ್ದುಪಡಿಯಿಂದ. ಒಂದು ವರ್ಷದ ತರಬೇತಿ, ಸ್ಟೈಪೆಂಡು. ಆಮೇಲೆ ನೌಕರಿ ಕೊಡಲೇಬೇಕೆಂಬ ಕಟ್ಟಳೆಯಿಲ್ಲ. “ಇದಕ್ಕಾಗಿಯೇ ಓದಿಸಿದೆವೇ?” ಎಂದು ಅಮ್ಮ ನಿಟ್ಟುಸಿರಿಟ್ಟಳು. ನಾನೂ ಹೂಂಗುಟ್ಟಿದೆ.

ಒಂದು ಸಂಜೆ ತಮ್ಮ ಅಂಗೈಯ ಬೊಬ್ಬೆ ತೋರಿಸಿದ. “ಅಣ್ಣಾ, ಮೂರು ದಿನ ಉಜ್ಜಿದ ತುಂಡಿಗೆ ಮೇಸ್ತ್ರಿ ಮೂಲೆಮಟ್ಟ ಹಿಡಿದು, ಸಂದಿಯಲ್ಲಿ ಬೆಳಕು ಕಾಣುತ್ತದೆಂದು ಎಸೆದುಬಿಟ್ಟರು. ನಾಳೆ ಮತ್ತೆ ಮೊದಲಿನಿಂದ.” ಮುಖದಲ್ಲಿ ಬೇಸರವೇ ಇರಲಿಲ್ಲ.

ನನ್ನ ಫೈಲಿನಲ್ಲಿ ತಪ್ಪೊಂದು ಹತ್ತು ವರ್ಷ ಅಡಗಿ ಕುಳಿತರೂ ಕೇಳುವವರಿಲ್ಲ. ಅವನ ಫೈಲಿನ ತಪ್ಪು ಅಂದೇ ಬೆಳಕಿಗೆ ಬರುತ್ತದೆ. ನಾನು ಹಾಗೆಂದಾಗ ಅಮ್ಮ ಏನೂ ಹೇಳಲಿಲ್ಲ. ಅವನ ಅಂಗೈಗೆ ಕೊಬ್ಬರಿ ಎಣ್ಣೆ ಸವರಿದಳು.