ಕಾಣುವುದೋ, ಕಾಣಿಸಿಕೊಳ್ಳುವುದೋ?

ದೋಣಿ ಕೊಂಡವನಿಗೆ ಚಿಂತೆಯ ಕೊರತೆಯಿಲ್ಲ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ವಾರವಿಡೀ ಕಚೇರಿಯಲ್ಲಿ ದುಡಿದು ಶನಿವಾರ ಬಂದೊಡನೆ ಹಾಯಿದೋಣಿಯೇರಿ ಹೊರಡುವ ಗೃಹಸ್ಥರು ಬಹುಮಂದಿ. ಹರಿದ ಹಾಯಿಯನ್ನು ಹೊಲಿಸಬೇಕು, ತಳಕ್ಕೆ ಬಣ್ಣ ಬಳಿಸಬೇಕು, ನಿಲುಗಡೆಗೆ ಬಾಡಿಗೆ ತೆರಬೇಕು. ಇವೆಲ್ಲ ಹಣದ ಮಾತಾಯಿತು. ಆದರೆ ಅವರನ್ನು ಕಾಡುವ ಇನ್ನೊಂದು ಪ್ರಶ್ನೆ ಮನಸ್ಸಿಗೆ ಸೇರಿದ್ದು: ತನ್ನ ಇರವನ್ನು ಸುತ್ತಲಿಗೆ ಸಾರುವ ಯಂತ್ರವನ್ನು ದೋಣಿಗೆ ಹಾಕಿಸಬೇಕೆ, ಬೇಡವೆ?

ಎ.ಐ.ಎಸ್. ಎಂಬುದು ಆ ಯಂತ್ರದ ಹೆಸರು. ಉಪಗ್ರಹಗಳ ನೆರವಿನಿಂದ ತಾನಿರುವ ಸ್ಥಳವನ್ನರಿತು, ದೋಣಿಯ ಹೆಸರು, ದಿಕ್ಕು, ವೇಗಗಳೊಡನೆ ಅದನ್ನು ರೇಡಿಯೊ ಅಲೆಗಳ ಮೂಲಕ ಸುತ್ತಲಿನ ಹಡಗುಗಳಿಗೆ ತಿಳಿಸುವುದು ಅದರ ಕೆಲಸ. ದೇಶದಿಂದ ದೇಶಕ್ಕೆ ಸಂಚರಿಸುವ, 300 ಟನ್ನಿಗೆ ಮೀರಿದ ಹಡಗುಗಳಿಗೂ ಪ್ರಯಾಣಿಕರ ಹಡಗುಗಳಿಗೂ 2004ರ ಕೊನೆಯಿಂದ ಅದು ಕಡ್ಡಾಯ. ವಿಹಾರದ ಸಣ್ಣ ದೋಣಿಗೆ ಅಲ್ಲಿ ಅಂಥ ಕಟ್ಟಳೆಯಿಲ್ಲ. ಇದ್ದಿದ್ದರೆ ಗೊಣಗಿಕೊಂಡಾದರೂ ಹಾಕಿಸಬಹುದಿತ್ತು. ಇಚ್ಛೆಗೆ ಬಿಟ್ಟಾಗಲೇ ಮನುಷ್ಯನಿಗೆ ಸಂಕಟ.

ಅಂಗಡಿಯಲ್ಲಿ ಎರಡು ಬಗೆಯ ಯಂತ್ರಗಳುಂಟು. ಒಂದು, ಪರರ ಸುದ್ದಿಯನ್ನು ಕೇಳುವುದೇ ಹೊರತು ತನ್ನದನ್ನು ಹೇಳದು. ಇನ್ನೊಂದು ಕೇಳುತ್ತದೆ, ಹೇಳುತ್ತದೆ ಕೂಡ. ಲೆಕ್ಕಾಚಾರದ ಮನುಷ್ಯ ಮೊದಲನೆಯದಕ್ಕೆ ಒಲಿಯುತ್ತಾನೆ. ಬೆಲೆ ಕಡಮೆ, ಎಲ್ಲರನ್ನೂ ತಾನು ಕಾಣಬಹುದು, ತನ್ನನ್ನು ಯಾರೂ ಕಾಣರು! ಲೋಕದ ಕಣ್ಣು ತಪ್ಪಿಸಿಕೊಳ್ಳಲೆಂದೇ ಅಲ್ಲವೆ ಆತ ಕಡಲಿಗಿಳಿದದ್ದು? ಎರಡನೆಯದನ್ನು ಹಾಕಿಸಿದರೆ, ದೋಣಿ ಎಲ್ಲಿ ಲಂಗರು ಹಾಕಿದೆಯೆಂಬುದು ಮನೆಯಾಕೆಯ ಫೋನಿನಲ್ಲಿಯೂ ಮೂಡೀತು, ಮುಖಪರಿಚಯವಿಲ್ಲದವನ ಫೋನಿನಲ್ಲಿಯೂ ಮೂಡೀತು.

ಈ ಲೆಕ್ಕದಲ್ಲಿ ಒಂದು ಅಂಶ ಬಿಟ್ಟುಹೋಗಿದೆ. ಕನ್ನಡ ನಾಡಿನ ಹೆದ್ದಾರಿಗಳಲ್ಲಿ ರಾತ್ರಿ ಸಾಗುತ್ತಿದ್ದ ಎತ್ತಿನಗಾಡಿಯ ಅಡಿಯಲ್ಲಿ ಲಾಂದ್ರವೊಂದು ತೂಗುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಅದು ಎತ್ತಿಗೆ ದಾರಿ ತೋರಲೆಂದಲ್ಲ. ಎತ್ತು ದಾರಿಯನ್ನು ಬಲ್ಲದು. ಹಿಂದಿನಿಂದ ಬರುವ ಲಾರಿಯವನಿಗೆ ಗಾಡಿ ಕಾಣಲೆಂದು ಆ ಲಾಂದ್ರ.

ಡೋವರ್ ಜಲಸಂಧಿಯ ಅತಿ ಕಿರಿದಾದ ಭಾಗ ಸುಮಾರು 33 ಕಿಲೋಮೀಟರ್. ಅಲ್ಲಿ ದಿನಕ್ಕೆ 400ಕ್ಕೂ ಹೆಚ್ಚು ಹಡಗುಗಳ ಓಡಾಟ. ಗಂಟೆಗೆ 37 ಕಿಲೋಮೀಟರ್ ವೇಗದ ಹಡಗು 10 ಕಿಲೋಮೀಟರ್ ದೂರವನ್ನು ಹದಿನಾರೇ ನಿಮಿಷಗಳಲ್ಲಿ ನುಂಗಿಬಿಡುತ್ತದೆ. 2006ರ ಆಗಸ್ಟ್ ತಿಂಗಳ ಒಂದು ರಾತ್ರಿ, ವೈಟ್ ದ್ವೀಪದ ದಕ್ಷಿಣಕ್ಕೆ, ‘ಊಜೊ’ ಎಂಬ ಹಾಯಿದೋಣಿ ಕಣ್ಮರೆಯಾಯಿತು. ಅದರಲ್ಲಿದ್ದ ಮೂವರೂ ಬದುಕಿ ಮರಳಲಿಲ್ಲ. ಪ್ರಯಾಣಿಕರ ಹಡಗೊಂದು ತಾಗಿಯೋ, ತೀರ ಸಮೀಪ ಹಾದ ಅದರ ಅಲೆಗೆ ಸಿಕ್ಕಿಯೋ ದೋಣಿ ಮುಳುಗಿತೆಂದು ತನಿಖಾಧಿಕಾರಿಗಳು ತೀರ್ಮಾನಿಸಿದರು. ತೀರ ಹತ್ತಿರವಾಗುವವರೆಗೆ ಹಡಗಿನವರಿಗೆ ಆ ಪುಟ್ಟ ದೋಣಿ ಕಂಡಿರಲಿಲ್ಲ.

ಹಾಗೆಂದು ಯಂತ್ರವನ್ನೇ ನಂಬಿ ನಿದ್ರಿಸುವಂತಿಲ್ಲ. ಸಣ್ಣ ದೋಣಿಯ ಸಾಮಾನ್ಯ ಯಂತ್ರದ ಶಕ್ತಿ 2 ವ್ಯಾಟ್ ಮಾತ್ರ. ದೋಣಿ ಸಾಗುವಾಗ ಅದು ತನ್ನ ಸ್ಥಳವನ್ನು ಸಾರುವುದು ಅರ್ಧ ನಿಮಿಷಕ್ಕೊಮ್ಮೆ. ಸಣ್ಣವರ ಗುರುತುಗಳನ್ನು ಪರದೆಯಿಂದ ಮರೆಮಾಡುವ ಹಡಗಿನವರೂ ಇರಬಹುದು. ಯಂತ್ರವೇ ಇಲ್ಲದ ಮೀನುದೋಣಿ ಎದುರಾಗಬಹುದು. ಆದ್ದರಿಂದಲೇ, ಕಣ್ಣು ಕಿವಿಗಳಿಂದ ಸದಾ ಎಚ್ಚರವಾಗಿರಬೇಕೆಂದು 1972ರ ಅಂತರರಾಷ್ಟ್ರೀಯ ನೌಕಾ ನಿಯಮಗಳ ಐದನೆಯ ನಿಯಮ ಇಂದಿಗೂ ವಿಧಿಸುತ್ತದೆ.

ಇಷ್ಟಾದರೂ ಹಾಕಿಸುವುದೇ ಲೇಸು. ಮಂಜು ಕವಿದ ಇರುಳಿನಲ್ಲಿ ಚುಕ್ಕಾಣಿಯ ಬಳಿ ನಿಂತ ಅಪರಿಚಿತ ಅಧಿಕಾರಿಯೂ ಒಬ್ಬ ಮನುಷ್ಯನೇ. ಎದುರಿಗೆ ಮೂರು ಜೀವಗಳಿವೆಯೆಂದು ತಿಳಿದರೆ ಹಡಗನ್ನು ತಿರುಗಿಸದಿರುವಷ್ಟು ಕಲ್ಲೆದೆಯವನಲ್ಲ. ತಿಳಿಸುವ ಹೊಣೆ ದೋಣಿಯವನದು. ಏಕಾಂತ ಬೇಕೆನಿಸಿದರೆ ಹಲವು ಯಂತ್ರಗಳಲ್ಲಿ ಮೌನದ ಗುಂಡಿಯೂ ಉಂಟು. ನಿರ್ಜನ ಕೊಲ್ಲಿಯಲ್ಲಿ ಲಂಗರು ಹಾಕಿದ ಮೇಲೆ ಅದನ್ನೊತ್ತಿ, ನಕ್ಷತ್ರಗಳನ್ನು ನೋಡುತ್ತ ಮಲಗಲಿ. ಹಡಗುಗಳ ದಾರಿಯನ್ನು ದಾಟುವಷ್ಟು ಹೊತ್ತು ಮಾತ್ರ ಲಾಂದ್ರ ಉರಿಯುತ್ತಿರಲಿ.