ಒಂದೇ ಹೆಸರಿನ ಎರಡು ಸಂಪುಟ

ಹನ್ನೆರಡು ವರ್ಷದಲ್ಲಿ ಪುಣೆಯಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿದ್ದೇನೆ. ಹಾಗಾಗಿ ನನ್ನ ಕನ್ನಡ ಪುಸ್ತಕಗಳ ಕಪಾಟು ಎಂದರೆ ಲ್ಯಾಪ್‌ಟಾಪಿನಲ್ಲಿರುವ ಕ್ಯಾಲಿಬರ್. ಕೋವಿದ್ ಗೋಯಲ್ 2006ರಲ್ಲಿ ಆರಂಭಿಸಿದ ಈ ಉಚಿತ ತಂತ್ರಾಂಶ ನಿಮ್ಮಲ್ಲಿ ಹಲವರ ಹತ್ತಿರವೂ ಇರಬಹುದು. ಅದರಲ್ಲಿರುವ ನೂರಾರು ಪುಸ್ತಕಗಳು ಹೋದರೂ ಮತ್ತೆ ಕೊಳ್ಳಬಹುದು. ಎರಡು ಫೈಲ್ ಮಾತ್ರ ಹಾಗಲ್ಲ.

ಅವು ಅಪ್ಪನ ನೆನಪುಗಳ ಎರಡು ಸಂಪುಟ. ಸಾಗರದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದ ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟದ್ದನ್ನು ನಾನು ವರ್ಡ್‌ನಲ್ಲಿ ಟೈಪ್ ಮಾಡಿ, ಇಪಬ್ ಮಾಡಿ ಕೊಟ್ಟೆ. ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾ, ದಿನಾ ರಾತ್ರಿ ಫೋನಿನಲ್ಲಿ ತಿದ್ದುಪಡಿ ಹೇಳುತ್ತಿದ್ದರು. "ಅಡಿಕೆ ಕೊಯ್ಲು ಅಲ್ಲ ಮಾರಾಯ, ಕೊನೆಕೊಯ್ಲು ಅಂತ ಹಾಕು." ಅವನ್ನೆಲ್ಲ ನೇರವಾಗಿ ಇಪಬ್‌ನಲ್ಲೇ ತಿದ್ದಿದೆ. ವರ್ಡ್ ಫೈಲಿನಲ್ಲಿ ಅವಿಲ್ಲ. ಈಗ ಅಪ್ಪನ ಕಣ್ಣು ಮಂಜಾಗಿದೆ. ಇನ್ನೊಮ್ಮೆ ಓದಿ ತಿದ್ದಲು ಅವರಿಂದಾಗದು.

ಕ್ಯಾಲಿಬರ್‌ನಲ್ಲಿ ಒಂದು ಪುಸ್ತಕದ ದಾಖಲೆಯಲ್ಲಿ ಒಂದು ಫಾರ್ಮ್ಯಾಟಿಗೆ ಒಂದೇ ಫೈಲ್. ಅದೇ ದಾಖಲೆಗೆ ಹೊಸ ಇಪಬ್ ಬಂದು ಕೂತರೆ ಹಳೆಯದು ಹೋಯಿತು. ಇದಕ್ಕೆ ಮುಖ್ಯವಾಗಿ ಎರಡು ದಾರಿ.

ಒಂದು, ಪುಸ್ತಕ ಸೇರಿಸುವಾಗ. ಪ್ರಿಫರೆನ್ಸಸ್‌ನ ಆಡಿಂಗ್ ಬುಕ್ಸ್ ವಿಭಾಗದಲ್ಲಿ ಆಟೋ-ಮರ್ಜ್ ಎಂಬ ಆಯ್ಕೆಯಿದೆ. ಅದನ್ನು ಆನ್ ಮಾಡಿದರೆ ಶೀರ್ಷಿಕೆ, ಲೇಖಕ ಎರಡೂ ಹೊಂದಿದಾಗ ಕ್ಯಾಲಿಬರ್ ಅದನ್ನು ಒಂದೇ ಪುಸ್ತಕವೆಂದು ತಿಳಿಯುತ್ತದೆ. ಜೊತೆಗೆ 'ಓವರ್‌ರೈಟ್' ಆರಿಸಿದ್ದರೆ ಎರಡನೆಯ ಸಂಪುಟ ಮೊದಲನೆಯದನ್ನು ಅಳಿಸಿ ಕೂರುತ್ತದೆ. ಸಂಪುಟ ಸಂಖ್ಯೆ ಇಲ್ಲದೆ 'ಸಮಗ್ರ ಕಥೆಗಳು' ಎಂದಷ್ಟೇ ಹೆಸರಿರುವ ಫೈಲುಗಳಿಗೂ ಇದೇ ಗತಿ. ನಾನು ಹೊಸ ದಾಖಲೆ ಮಾಡುವ ಆಯ್ಕೆಯನ್ನು ಆರಿಸಿದ್ದೇನೆ, ಸಂಪುಟ ಸಂಖ್ಯೆಯನ್ನು ಶೀರ್ಷಿಕೆಯಲ್ಲೇ ಸೇರಿಸಿದ್ದೇನೆ.

ಎರಡು, ಕನ್ವರ್ಟ್ ಮಾಡುವಾಗ. ಇಪಬ್‌ನಿಂದ ಇಪಬ್‌ಗೇ ಬದಲಿಸಿದರೆ ಮೂಲಪ್ರತಿಯನ್ನು ಕ್ಯಾಲಿಬರ್ 'ಒರಿಜಿನಲ್ ಇಪಬ್' ಎಂದು ಎತ್ತಿಡುತ್ತದೆ. ಆದರೆ ವರ್ಡ್ ಫೈಲಿನಿಂದ ಮತ್ತೆ ಇಪಬ್ ಮಾಡಿದರೆ, ತಿದ್ದಿದ ಇಪಬ್ ಇದ್ದ ಜಾಗಕ್ಕೆ ತಿದ್ದದ್ದು ಬಂದು ಕೂರುತ್ತದೆ. ಅದಕ್ಕೇ ವರ್ಡ್ ಫೈಲುಗಳನ್ನು ಆ ದಾಖಲೆಗಳಿಂದ ತೆಗೆದು ಬೇರೆ ಫೋಲ್ಡರಿಗೆ ಹಾಕಿದ್ದೇನೆ.

"ಕ್ಲೌಡ್‌ನಲ್ಲಿದೆಯಲ್ಲ" ಎಂದು ಸುಮ್ಮನಿರುವಂತಿಲ್ಲ. ಸಿಂಕ್ ಆಗುವ ಫೋಲ್ಡರಿನಲ್ಲಿ ಇಲ್ಲಿ ಬದಲಾದದ್ದು ಅಲ್ಲೂ ಬದಲಾಗುತ್ತದೆ. ತಿದ್ದಿದ ಎರಡೂ ಫೈಲುಗಳಿಗೆ ದಿನಾಂಕದ ಹೆಸರಿಟ್ಟು ಒಂದು ಪೆನ್‌ಡ್ರೈವ್‌ಗೆ ಹಾಕಿ, ಸಾಗರದಲ್ಲಿರುವ ತಂಗಿಗೆ ಕೊಟ್ಟಿದ್ದೇನೆ.

ಆಫೀಸಿನಲ್ಲಿ ಒಂದು ಸಾಲು ಕೋಡ್ ಬದಲಾದರೂ ಹಳೆಯದು ಗಿಟ್‌ನಲ್ಲಿ ಉಳಿದಿರುತ್ತದೆ. ಮನೆಯವರು ಬರೆದದ್ದಕ್ಕೆ ಆ ವ್ಯವಸ್ಥೆಯನ್ನು ನಾವೇ ಮಾಡಬೇಕು. ನಿಮ್ಮ ಕ್ಯಾಲಿಬರ್‌ನಲ್ಲೂ ಅಂಥದ್ದೊಂದು ಫೈಲ್ ಇದ್ದರೆ, ಮುಂದಿನ ಪುಸ್ತಕ ಸೇರಿಸುವ ಮೊದಲು ಆ ಆಟೋ-ಮರ್ಜ್ ಆಯ್ಕೆಯನ್ನು ಒಮ್ಮೆ ತೆರೆದು ನೋಡಿ.